ಮಸಿಯಪ್ಪನ ಮೂವತ್ತು ಕಾರ್ಡುಗಳು

ಹಾಜರಿ ಪುಸ್ತಕದಲ್ಲಿ ಅವನಿಗೊಂದು ಹೆಸರಿತ್ತು. ಅದನ್ನು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಜೈಲಿನ ಒಳಗಿದ್ದವರಿಗೂ ಹೊರಗಿದ್ದವರಿಗೂ ಅವನು ಮಸಿಯಪ್ಪ. ಹೆಬ್ಬಾಗಿಲು ದಾಟಿ ಎಡಕ್ಕೆ ಹೊರಳಿದರೆ ಸಿಗುವ ಮೂರನೆಯ ಕೋಣೆಯಲ್ಲಿ ಮೂವತ್ತೊಂದು ವರ್ಷ ಕೂತು, ಹೊಸದಾಗಿ ಬಂದ ಕೈದಿಗಳ ಹತ್ತು ಬೆರಳಿಗೂ ಮಸಿ ಹಚ್ಚಿ ಕಾರ್ಡಿನ ಮೇಲೆ ಉರುಳಿಸಿದವನು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ಹಾಗೆ ಊರವರ ಕೈಗೆಲ್ಲ ಮಸಿ ಬಳಿದು ತನ್ನ ಸಂಸಾರ ಸಾಗಿಸಿದವನು ಎಂದು ಅವನೇ ತನ್ನನ್ನು ಆಡಿಕೊಳ್ಳುತ್ತಿದ್ದ.

ಅಪ್ಪ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವವನಾಗಿದ್ದ. ಮಗನೂ ಅಲ್ಲೇ ಬೆಳೆದ, ಅಲ್ಲೇ ದುಡಿದ. ಅಚ್ಚುಕೂಟ ಮುಚ್ಚಿದಾಗ ಮಸಿಯ ಹದ ಬಲ್ಲವನೊಬ್ಬ ಬೇಕು ಎಂದು ಜೈಲಿನಿಂದ ಕರೆ ಬಂತು, ಹೋದ. ಗಾಜಿನ ಹಲಗೆಯ ಮೇಲೆ ಕಡಲೆಕಾಳಿನಷ್ಟು ಮಸಿ ಹಾಕಿ ರಬ್ಬರ್ ರೋಲರಿನಲ್ಲಿ ಎಳೆದರೆ ಅದು ಎಷ್ಟು ತೆಳ್ಳಗೆ ಹರಡಬೇಕೆಂಬುದನ್ನು ಅವನು ಕಣ್ಣಿನಿಂದಲ್ಲ, ಸದ್ದಿನಿಂದ ತಿಳಿಯುತ್ತಿದ್ದ. ಮಸಿ ಹೆಚ್ಚಾದರೆ ರೋಲರು ಚಪಚಪ ಎನ್ನುತ್ತದೆ, ಹದವಾದರೆ ಪಿಸುಗುಡುತ್ತದೆ. ಹೆಬ್ಬೆರಳನ್ನು ಒಳಮುಖವಾಗಿ ಉರುಳಿಸಬೇಕು, ಮಿಕ್ಕ ನಾಲ್ಕನ್ನು ಹೊರಮುಖವಾಗಿ. ಮೊದಲು ಬಲಗೈ, ಆಮೇಲೆ ಎಡಗೈ. ಜೈಲಿನ ಕಾರ್ಡಿನಲ್ಲಿ ಮೇಲಿನ ಸಾಲು ಬಲಗೈಯದು, ಕೆಳಗಿನ ಸಾಲು ಎಡಗೈಯದು. ಕಣ್ಣಿಗೆ ಬಟ್ಟೆ ಕಟ್ಟಿದರೂ ಅವನ ಕೈ ತಪ್ಪುತ್ತಿರಲಿಲ್ಲ ಎಂದು ವಾರ್ಡರುಗಳು ಹೇಳುತ್ತಿದ್ದರು. ಅದು ಹೊಗಳಿಕೆ. ಅದೇ ಹೊಗಳಿಕೆ ಮುಂದೆ ಅವನ ಕುತ್ತಿಗೆಗೆ ಬಂತು.

ಮುಖಗಳು ಅವನಿಗೆ ನೆನಪಿರುತ್ತಿರಲಿಲ್ಲ. ಬಸ್ಸಿನಲ್ಲಿ ಯಾರಾದರೂ ನಮಸ್ಕಾರ ಎಂದರೆ ಪೆದ್ದುಪೆದ್ದಾಗಿ ನಗುತ್ತಿದ್ದ. ಅದೇ ಮನುಷ್ಯ ಮೇಲಿನ ಸರಳು ಹಿಡಿದಾಗ ಬೆರಳು ನೋಡಿ, "ಓ, ನೀನೇನಯ್ಯಾ!" ಎನ್ನುತ್ತಿದ್ದ. "ಮೊದಲ ಸಲ ನನ್ನನ್ನ ಮಾತಾಡಿಸಿದಾಗ ಈ ಮಹಾರಾಯ ನನ್ನ ಮುಖಾನೇ ನೋಡ್ಲಿಲ್ಲ. ಲೋಟ ಹಿಡ್ಕೊಂಡಿದ್ದ ಬೆರಳು ನೋಡ್ತಿದ್ರು. ಉಂಗುರ ಹುಡುಕ್ತಿದ್ದಾರೆ ಅಂದ್ಕೊಂಡೆ" ಎಂದು ಹೆಂಡತಿ ನೆಂಟರ ಮುಂದೆ ಮಾನ ತೆಗೆಯುತ್ತಿದ್ದಳು. ಮಕ್ಕಳಿರಲಿಲ್ಲ. ಎರಡು ಕೋಣೆಯ ಮನೆ, ಗಂಡ ಹೆಂಡತಿ, ಬಚ್ಚಲಿನಲ್ಲಿ ಅವನ ಕೈಗೆಂದೇ ಇಟ್ಟ ಒರಟು ಸೋಪು. ಅಷ್ಟೇ ಅವನ ಲೋಕ.

ಜೈಲಿನಲ್ಲಿ ಅವನಿಗೊಬ್ಬ ಸಹಾಯಕನಿದ್ದ. ಅವನೂ ಕೈದಿಯೇ, ಜೀವಾವಧಿ. ಬೆರಳು ಕೊಟ್ಟವರ ಕೈಯಿಂದ ಸೀಮೆಎಣ್ಣೆ ಬಟ್ಟೆಯಲ್ಲಿ ಮಸಿ ಒರೆಸುವುದು ಅವನ ಪಾಲಿನ ಕೆಲಸವಾದ್ದರಿಂದ ಎಲ್ಲರೂ ಅವನನ್ನು ಸೀಮೆಎಣ್ಣೆ ಎಂದೇ ಕರೆಯುತ್ತಿದ್ದರು. ಹಿಂದೆ ಲಾರಿ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದವನು. ಒಂದು ಮಧ್ಯಾಹ್ನ ಮಾತಿಗೆ ಮಾತು ಬೆಳೆದು, ಕೈಯಲ್ಲಿದ್ದ ಸ್ಪ್ಯಾನರಿನಿಂದ ಜೊತೆಯವನಿಗೆ ಒಂದೇ ಒಂದು ಏಟು ಹಾಕಿದ. ಅವನು ಏಳಲಿಲ್ಲ. "ನಾನು ಮಾಡಿಲ್ಲ" ಎಂದು ಸೀಮೆಎಣ್ಣೆ ಒಂದು ದಿನವೂ ಹೇಳಲಿಲ್ಲ. ಅದಕ್ಕೇ ಮಸಿಯಪ್ಪನಿಗೆ ಅವನ ಮೇಲೆ ಗೌರವ. ಒಳಗೆ ಬಂದು ಹದಿನಾಲ್ಕು ವರ್ಷ, ಈ ಕೋಣೆಗೆ ಬಂದು ಒಂಬತ್ತು ವರ್ಷ. ಹೊರಗೆ ಒಬ್ಬ ಮುದಿ ತಾಯಿ, ಒಬ್ಬಳು ಮಗಳು. ಅವನು ಒಳಗೆ ಬಂದಾಗ ಐದು ವರ್ಷದವಳಾಗಿದ್ದ ಮಗಳು ಈಗ ಔಷಧದ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಮೂರು ತಿಂಗಳಿಗೊಮ್ಮೆ ಸೇರುವ ಬಿಡುಗಡೆ ಕಮಿಟಿಯ ಮುಂದೆ ಈ ಸಲ ಅವನ ಫೈಲು ಇತ್ತು. ನಡತೆ ಚೆನ್ನ, ಒಂದೂ ಕಪ್ಪು ಗುರುತಿಲ್ಲ. ಬಿಡುವುದು ಖಂಡಿತ ಎಂದು ಎಲ್ಲರ ಎಣಿಕೆ. ಮಗಳು ಆಗಲೇ ಅಪ್ಪನ ಅಳತೆ ಊಹಿಸಿ ಎರಡು ಅಂಗಿ ಹೊಲಿಸಿದ್ದಳು. ಮುದುಕಿಯಂತೂ, "ಅವನು ಬರೋವರೆಗೂ ನಾನು ಹೋಗಲ್ಲ, ಯಮನಿಗೆ ಹೇಳಿಬಿಟ್ಟಿದ್ದೀನಿ" ಎನ್ನುತ್ತಿದ್ದಳಂತೆ.

ಇಂಥ ಹೊತ್ತಿನಲ್ಲಿ ಬಂದರು ಡಾಕ್ಟರು.

ವೈದ್ಯಕೀಯ ಕಾಲೇಜಿನಲ್ಲಿ ಶರೀರಶಾಸ್ತ್ರ ಹೇಳಿಕೊಡುವ, ಸಣ್ಣ ದನಿಯ, ಇಸ್ತ್ರಿ ಮುರಿಯದ ಅಂಗಿಯ ಮನುಷ್ಯ. ಇನ್ನೂರು ಜನ ಶಿಕ್ಷೆಯಾದ ಕೈದಿಗಳ ಬೆರಳ ಗುರುತು, ಇನ್ನೂರು ಜನ ಸಾಮಾನ್ಯರ ಬೆರಳ ಗುರುತು ತೆಗೆದು, ಎರಡಕ್ಕೂ ಏನಾದರೂ ವ್ಯತ್ಯಾಸವಿದೆಯೇ ಎಂದು ನೋಡುವುದು ಅವರ ಸಂಶೋಧನೆ. ಸೂಪರಿಂಟೆಂಡೆಂಟರಿಗೆ ವಿಜ್ಞಾನವೆಂದರೆ ಪ್ರಾಣ. ಗೋಡೆ ಗಡಿಯಾರ ಕೆಟ್ಟರೆ ತಾವೇ ಬಿಚ್ಚಿ ಇನ್ನಷ್ಟು ಕೆಡಿಸುವವರು. ತಕ್ಷಣ ಒಪ್ಪಿಗೆ ಕೊಟ್ಟರು.

"ಐದು ಬೆರಳೇ ಒಂದೇ ಸಮ ಇರಲ್ಲ, ಇನ್ನೂರು ಜನರದ್ದು ನೋಡಿ ಏನು ಕಂಡುಹಿಡೀತಾರಂತೆ?" ಎಂದು ಹೆಂಡತಿ ಕೇಳಿದಳು.

"ಕಳ್ಳನ ಕೈ ಬೇರೆ, ಸಾಚಾ ಕೈ ಬೇರೆ ಇರಬಹುದು ಅಂತ."

"ನೀವು ಯಾವ ಪಟ್ಟಿ?"

"ಜೈಲಿನ ಸಿಬ್ಬಂದಿದೂ ತಗೊಂಡಿದ್ದಾರೆ. ನಾನು ಸಾಮಾನ್ಯ ಜನ."

"ಅಬ್ಬಾ, ಇಷ್ಟು ದಿನಕ್ಕೆ ಗೊತ್ತಾಯ್ತು" ಎಂದು ಅವಳು ನಕ್ಕಳು. ಮಸಿಯಪ್ಪನೂ ನಕ್ಕ.

ಇಲ್ಲಿ ಬೆರಳ ವಿಷಯ ಒಂದಿಷ್ಟು ಹೇಳದೆ ಕಥೆ ಮುಂದಕ್ಕೆ ಹೋಗುವುದಿಲ್ಲ. ನಮ್ಮ ಬೆರಳ ತುದಿಯ ಗೆರೆಗಳು ಮೂರು ಬಗೆ. ಸುಳಿ, ಅಂದರೆ ಗೆರೆ ಸುತ್ತಿಕೊಂಡಿರುವುದು. ಕಮಾನು, ಅಂದರೆ ಗುಡ್ಡದಂತೆ ಎದ್ದು ಇಳಿಯುವುದು. ಕುಣಿಕೆ, ಅಂದರೆ ಒಂದು ಕಡೆಯಿಂದ ಬಂದು ಬಾಗಿ ಅದೇ ಕಡೆಗೆ ಹಿಂದಿರುಗುವುದು. ಕುಣಿಕೆಗೆ ಒಂದು ಬಾಯಿ ಇರುತ್ತದೆ. ಬಹುತೇಕ ಎಲ್ಲರಲ್ಲೂ ಆ ಬಾಯಿ ಕಿರುಬೆರಳ ಕಡೆಗೆ ತೆರೆದಿರುತ್ತದೆ. ನೂರು ಬೆರಳಲ್ಲಿ ನಾಲ್ಕೋ ಐದೋ ಮಾತ್ರ ಹೆಬ್ಬೆರಳ ಕಡೆಗೆ ಬಾಯಿ ತೆರೆಯುತ್ತವೆ. ಆದರೆ ಕಾಗದದ ಮೇಲೆ ಕುಣಿಕೆ ಬಲಕ್ಕೆ ವಾಲಿದೆಯೋ ಎಡಕ್ಕೆ ವಾಲಿದೆಯೋ ಎಂದಷ್ಟೇ ಕಾಣುತ್ತದೆ. ಅದು ಕಿರುಬೆರಳ ಕಡೆಯೋ ಹೆಬ್ಬೆರಳ ಕಡೆಯೋ ಎಂದು ತಿಳಿಯಬೇಕಾದರೆ ಅದು ಯಾವ ಕೈ ಎಂದು ಗೊತ್ತಿರಬೇಕು. ಬಲಗೈ ಗುರುತನ್ನು ಎಡಗೈ ಸಾಲಿನಲ್ಲಿ ಒತ್ತಿದರೆ ಎಲ್ಲ ತಿರುವುಮುರುವು.

ಡಾಕ್ಟರು ತಂದ ಕಾರ್ಡು ಬೇರೆ. ಅವರ ಕಾಲೇಜಿನಲ್ಲಿ ಅಚ್ಚು ಹಾಕಿಸಿದ್ದು. ಅದರಲ್ಲಿ ಮೇಲಿನ ಸಾಲು ಎಡಗೈಯದು, ಕೆಳಗಿನದು ಬಲಗೈಯದು. ಅಂಚಿನಲ್ಲಿ ಸಾಸಿವೆಕಾಳಿನಷ್ಟು ಅಕ್ಷರದಲ್ಲಿ ಬರೆದಿತ್ತು. ಮೊದಲ ನೂರ ಎಪ್ಪತ್ತು ಕೈದಿಗಳ ತನಕ ಏನೂ ತೊಂದರೆಯಾಗಲಿಲ್ಲ. ಡಾಕ್ಟರ ವಿದ್ಯಾರ್ಥಿನಿ, ದಪ್ಪ ಕನ್ನಡಕದ ಹುಡುಗಿ, ಪಕ್ಕದಲ್ಲಿ ನಿಂತು ಪ್ರತಿಯೊಬ್ಬರಿಗೂ, "ಎಡಗೈ ಮೊದ್ಲು ಸಾರ್, ಎಡಗೈ ಮೊದ್ಲು" ಎಂದು ಹಾಡುತ್ತಿದ್ದಳು. ಕೊನೆಯ ಮೂವತ್ತು ಜನ ಎತ್ತರದ ಗೋಡೆಯ ವಿಭಾಗದವರು. ಕೊಲೆಯಂಥ ಭಾರೀ ಅಪರಾಧದವರ ಹೆಸರೆಲ್ಲ ಇದ್ದದ್ದು ಆ ವಿಭಾಗದ ದಾಖಲೆಯಲ್ಲಿ, ಸೀಮೆಎಣ್ಣೆಯದೂ ಅಲ್ಲೇ. ಹೊರಗಿನ ಹೆಣ್ಣುಮಕ್ಕಳನ್ನು ಅಲ್ಲಿಗೆ ಬಿಡುವ ಹಾಗಿರಲಿಲ್ಲ. "ನೀವೊಬ್ಬರೇ ಮುಗಿಸಿಬಿಡಿ ಸಾರ್, ನಿಮಗಿಂತ ಬೇಕಾ" ಎಂದು ಹುಡುಗಿ ಕಾರ್ಡಿನ ಕಟ್ಟು ಕೊಟ್ಟು ಹೋದಳು. ಮಸಿಯಪ್ಪ ಎರಡು ದಿನದಲ್ಲಿ ಮುಗಿಸಿದ. ಒಂದೂ ಮಸುಕಿಲ್ಲ, ಒಂದೂ ಜಾರಿಲ್ಲ. ಮೂವತ್ತು ಕಾರ್ಡೂ ಕನ್ನಡಿಯಂತಿದ್ದವು.

ಎರಡು ತಿಂಗಳಾದ ಮೇಲೆ ಡಾಕ್ಟರು ಸಂಭ್ರಮದಿಂದ ಬಂದರು. ಹೆಬ್ಬೆರಳ ಕಡೆಗೆ ಬಾಯಿ ತೆರೆದ ಕುಣಿಕೆ ಸಾಮಾನ್ಯ ಜನರಲ್ಲಿ ನೂರಕ್ಕೆ ಐದು, ಕೈದಿಗಳಲ್ಲಿ ನೂರಕ್ಕೆ ಹದಿಮೂರು! ಅದರಲ್ಲೂ ಭಾರೀ ಅಪರಾಧದವರಲ್ಲಿ ಇನ್ನೂ ಹೆಚ್ಚು! ಬೆರಳು ಎಣಿಸಿದವರು ವಿದ್ಯಾರ್ಥಿಗಳು. ಡಾಕ್ಟರು ನೋಡಿದ್ದು ಮೊತ್ತ ಮಾತ್ರ. ಆಗಲೇ ಒಂದು ಸಮ್ಮೇಳನದಲ್ಲಿ ಓದಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದರು. ಸೂಪರಿಂಟೆಂಡೆಂಟರು ಕುರ್ಚಿಯ ತುದಿಗೆ ಬಂದು ಕೂತರು.

"ಯಾರ್ಯಾರಿಗೆ ಎಷ್ಟೆಷ್ಟು ಅಂತ ಪಟ್ಟಿ ಕೊಡ್ತೀರಾ ಡಾಕ್ಟ್ರೇ? ಕಮಿಟಿ ಫೈಲಿಗೆ ಹಾಕ್ತೀನಿ."

"ಇದು ಒಟ್ಟಾರೆ ಲೆಕ್ಕ ಸಾರ್. ಒಬ್ಬೊಬ್ಬ ಮನುಷ್ಯನ ಮೇಲೆ ಹೀಗೇ ಅಂತ ಹೇಳೋಕಾಗಲ್ಲ" ಎಂದು ಡಾಕ್ಟರು ಹೇಳಿದರು. ಹೇಳಿದರು ನಿಜ, ಆದರೆ ಪಟ್ಟಿಯನ್ನು ಕಳಿಸಿಯೂ ಕೊಟ್ಟರು. ಹೊಗಳಿದವರಿಗೆ ಇಲ್ಲ ಎನ್ನುವ ಗಂಡಸು ಇನ್ನೂ ಹುಟ್ಟಬೇಕು.

ಪಟ್ಟಿ ಮಸಿಯಪ್ಪನ ಮೇಜಿಗೆ ಬಂದದ್ದು ಒಂದು ಸೋಮವಾರ, ಕಮಿಟಿ ಸೇರಲು ಹನ್ನೊಂದು ದಿನವಿದ್ದಾಗ. ಆಯಾ ಫೈಲಿಗೆ ಅಂಟಿಸುವ ಕೆಲಸ ಅವನದೇ. ಸೀಮೆಎಣ್ಣೆಯ ಹೆಸರಿನ ಮುಂದೆ ಎಂಟು ಎಂದಿತ್ತು. ಎಂಟು ಬೆರಳು ಹೆಬ್ಬೆರಳ ಕಡೆಗೆ. ಇಡೀ ಪಟ್ಟಿಯಲ್ಲಿ ಅವನಿಗಿಂತ ಹೆಚ್ಚಿನವರು ಇಬ್ಬರೇ.

ಮಸಿಯಪ್ಪನಿಗೆ ಮೊದಲು ನಗು ಬಂತು. ಸೀಮೆಎಣ್ಣೆಯ ಬೆರಳು ಅವನಿಗೆ ಬಾಯಿಪಾಠ. ಎರಡು ಹೆಬ್ಬೆರಳಲ್ಲಿ ಸುಳಿ, ಮಿಕ್ಕ ಎಂಟೂ ಕುಣಿಕೆ. ಎಂಟೂ ಕಿರುಬೆರಳ ಕಡೆಗೆ, ಲೋಕದ ಎಲ್ಲ ಸಾಧು ಪ್ರಾಣಿಗಳಿಗೆ ಇರುವ ಹಾಗೆ. ಯಾವನೋ ವಿದ್ಯಾರ್ಥಿ ಎಡವಿದ್ದಾನೆ ಅಂದುಕೊಂಡು ಡ್ರಾಯರಿನಿಂದ ಹದಿನಾಲ್ಕು ವರ್ಷದ ಹಿಂದಿನ ಜೈಲಿನ ಕಾರ್ಡು ತೆಗೆದ. ಡಾಕ್ಟರು ಹಿಂದಿರುಗಿಸಿದ್ದ ಕಟ್ಟಿನಿಂದ ಹೊಸ ಕಾರ್ಡನ್ನೂ ತೆಗೆದ. ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದ.

"ಏನಣ್ಣಾ ಅದು, ನನ್ನದಾ?" ಎಂದ ಸೀಮೆಎಣ್ಣೆ, ಬಟ್ಟೆ ಹಿಂಡುತ್ತಾ.

"ನಿನ್ನ ಬಲಗೈ ಇತ್ತ ಕೊಡು."

ತೋರುಬೆರಳಿಗೆ ಅಡ್ಡವಾಗಿ ಗ್ಯಾರೇಜಿನ ಕಾಲದ ಒಂದು ಗಾಯದ ಗುರುತು. ಜೈಲಿನ ಕಾರ್ಡಿನಲ್ಲಿ ಅದು ಬಲಗೈ ಸಾಲಿನಲ್ಲಿತ್ತು. ಡಾಕ್ಟರ ಕಾರ್ಡಿನಲ್ಲಿ ಎಡಗೈ ಸಾಲಿನಲ್ಲಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಹೊಸ ಕಾರ್ಡಿನಲ್ಲೂ ಮೇಲಿನ ಸಾಲಿಗೆ ಬಲಗೈ ಒತ್ತಿದವನು ಬೇರೆ ಯಾರೂ ಅಲ್ಲ, ತಾನೇ. ಮೂವತ್ತೊಂದು ವರ್ಷದ ಅಭ್ಯಾಸ ಅವನ ಕೈ ಹಿಡಿದು ಒತ್ತಿಸಿತ್ತು. ಸೀಮೆಎಣ್ಣೆಯ ಕೈ ಬಿಟ್ಟು, ಉಳಿದ ಇಪ್ಪತ್ತೊಂಬತ್ತನ್ನೂ ಒಂದೊಂದಾಗಿ ತೆಗೆದು ಹಳೆಯ ಕಾರ್ಡಿನ ಜೊತೆ ಇಟ್ಟು ನೋಡಿದ. ಎಲ್ಲವೂ ತಲೆಕೆಳಗು. ಕಳ್ಳರಿಗೂ ಸಾಚಾಗಳಿಗೂ ವಿಜ್ಞಾನ ಕಂಡುಹಿಡಿದ ವ್ಯತ್ಯಾಸ ಮಸಿಯಪ್ಪ ಎಂಬ ಒಬ್ಬ ಮನುಷ್ಯ.

ಅವನು ಕೈಯಲ್ಲಿದ್ದ ಕಾರ್ಡುಗಳನ್ನು ಮೇಜಿನ ಮೇಲಿಟ್ಟ.

"ಏನಾಯ್ತಣ್ಣಾ?"

"ಏನಿಲ್ಲ. ನೀನು ಬಟ್ಟೆ ಒಣಗಿಸು ಹೋಗು."

ಸೀಮೆಎಣ್ಣೆ ಮೇಜಿನ ಮೇಲಿದ್ದ ತನ್ನ ಎರಡು ಕಾರ್ಡಿನ ಕಡೆ ಒಮ್ಮೆ, ತನ್ನ ಬೆರಳಿನ ಕಡೆ ಒಮ್ಮೆ ನೋಡಿ ಬಟ್ಟೆ ತೆಗೆದುಕೊಂಡು ಹೋದ. ಅವನಿಗೇನು ತಿಳಿಯುತ್ತದೆ ಎಂದು ಮಸಿಯಪ್ಪ ಸಮಾಧಾನ ಮಾಡಿಕೊಂಡ. ಒಂಬತ್ತು ವರ್ಷ ಆ ಕೋಣೆಯಲ್ಲಿ ಬೆರಳು ಒರೆಸಿದವನಿಗೆ ತಿಳಿಯುವುದಿಲ್ಲ ಎಂದುಕೊಂಡನಲ್ಲ, ಅವನ ಬುದ್ಧಿಗೇನು ಹೇಳೋಣ!

ಆ ಸಂಜೆಯೇ ಸೂಪರಿಂಟೆಂಡೆಂಟರ ಕೋಣೆಗೆ ಹೋಗಿ ಹೇಳಿಬಿಟ್ಟಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಹೋದ ಕೂಡ. ಬಾಗಿಲ ಹೊರಗೆ ನಿಂತ. ಒಳಗೆ ಸೂಪರಿಂಟೆಂಡೆಂಟರು ಯಾರಿಗೋ ಫೋನಿನಲ್ಲಿ, "ನಮ್ಮ ಜೈಲಿನಿಂದಲೇ ಸ್ವಾಮಿ ಇದು ಹೊರಟಿದ್ದು!" ಎನ್ನುತ್ತಿದ್ದರು. ಮಸಿಯಪ್ಪ ಹಿಂದಿರುಗಿದ.

ಅವನಿಗೆ ಭಯವಿದ್ದದ್ದು ಬೈಗುಳದ್ದಲ್ಲ. ಮೂವತ್ತೊಂದು ವರ್ಷದಲ್ಲಿ ಅವನು ಎಷ್ಟೋ ಸಲ ಕೋರ್ಟಿನ ಕಟಕಟೆ ಹತ್ತಿ, "ಈ ಗುರುತು ನಾನೇ ತೆಗೆದದ್ದು, ಸರಿಯಾಗಿದೆ" ಎಂದು ಹೇಳಿದ್ದ. ನ್ಯಾಯಾಧೀಶರು ಕಣ್ಣೆತ್ತಿ ನೋಡದೆ ನಂಬಿದ್ದರು. ಎಡ ಯಾವುದು ಬಲ ಯಾವುದು ತಿಳಿಯದವನು ಎಂದು ಈಗ ಒಂದು ಸಲ ಜನರ ಬಾಯಿಗೆ ಬಂದರೆ ಊರಿನ ಲಾಯರುಗಳೆಲ್ಲ ಅವನ ಹಳೆಯ ಕಾರ್ಡುಗಳ ಮೇಲೆ ಬೀಳುತ್ತಾರೆ. ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಹೆಸರು ಒಂದನ್ನು ಬಿಟ್ಟರೆ ಅವನು ಬದುಕಿನಲ್ಲಿ ಸಂಪಾದಿಸಿದ್ದು ಬೇರೆ ಏನೂ ಇರಲಿಲ್ಲ.

ಮನೆಯಲ್ಲಿ ಹೆಂಡತಿಗೆ ಹೇಳಿದ. ಅವಳು ಬೀನ್ಸ್ ನಾರು ತೆಗೆಯುತ್ತಿದ್ದವಳು ಕೈ ನಿಲ್ಲಿಸಿದಳು.

"ರೀ, ಕಮಿಟಿಯವರು ಏನು ಬೆರಳು ನೋಡಿ ಬಿಡ್ತಾರಾ? ನಡತೆ ನೋಡ್ತಾರೆ, ಕಾಗದ ನೋಡ್ತಾರೆ. ಆ ಚೀಟಿ ಓದೋರು ಯಾರು?"

"ಓದಿದ್ರೆ?"

"ಓದಿದ್ರೆ ಆಗ ಹೇಳಿ. ಸುಮ್ನೆ ಮೈಮೇಲೆ ಇರುವೆ ಬಿಟ್ಕೋಬೇಡಿ. ಅವನು ಹೆಂಗೂ ಹೊರಗೆ ಬರ್ತಾನೆ, ನೀವೂ ಮರ್ಯಾದೆಯಾಗಿ ಹೊರಗೆ ಬನ್ನಿ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆ ಮಾತು ಅವನ ಕಿವಿಗೆ ಹಿತವಾಯಿತು. ಹಿತವಾದ ಮಾತನ್ನು ಸರಿಯಾದ ಮಾತೆಂದು ಯಾರು ತಾನೇ ತಿಳಿಯುವುದಿಲ್ಲ? ಮಂಗಳವಾರ ನಾಳೆ ಹೇಳೋಣ ಎಂದ. ಬುಧವಾರ ಸೂಪರಿಂಟೆಂಡೆಂಟರು ರಜೆ. ಗುರುವಾರ ಪಟ್ಟಿಯ ಚೀಟಿಗಳನ್ನು ತನ್ನ ಕೈಯಿಂದಲೇ ಫೈಲುಗಳಿಗೆ ಅಂಟಿಸಿದ. ಅಂಟು ಒಣಗುವ ತನಕ ಸೀಮೆಎಣ್ಣೆಯ ಚೀಟಿಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದಿದ್ದ. ನಾಳೆ ಎಂದವನ ಮನೆ ಹಾಳು ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಆದರೆ ಇಲ್ಲಿ ಹಾಳಾಗುತ್ತಿದ್ದದ್ದು ನಾಳೆ ಎಂದವನ ಮನೆಯಲ್ಲ.

ಆ ಹನ್ನೊಂದು ದಿನ ಬಿಸಿತುಪ್ಪದಂತೆ ಆ ಮಾತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕೋಣೆಯಲ್ಲಿ ಸೀಮೆಎಣ್ಣೆ ಎಂದಿನಂತೆ ಬಟ್ಟೆ ಮಡಿಸುತ್ತಿದ್ದ, ಹಲಗೆ ಒರೆಸುತ್ತಿದ್ದ. ಮಾತು ಮಾತ್ರ ಕಡಿಮೆ ಮಾಡಿದ್ದ. ಬಿಡುಗಡೆಯ ಯೋಚನೆ ಇರಬೇಕು ಎಂದುಕೊಂಡ ಮಸಿಯಪ್ಪ. ಒಮ್ಮೆ ಅವನು ತಾನಾಗಿಯೇ ಕೇಳಿದ:

"ಅಣ್ಣಾ, ಕಮಿಟಿ ಫೈಲಲ್ಲಿ ಎಲ್ಲಾ ಸರಿ ಇದೆಯಲ್ವಾ?"

"ಸರಿ ಇರದೆ ಏನು" ಎಂದ ಮಸಿಯಪ್ಪ. ಎಂದು, ಹದವಾಗಿಯೇ ಇದ್ದ ಮಸಿಯ ಮೇಲೆ ರೋಲರು ಎಳೆಯುತ್ತಾ ಕೂತ.

ಕಮಿಟಿ ಚೀಟಿ ಓದಿತು. ಕಮಿಟಿಯ ಹಿರಿಯರು ಅದನ್ನು ಎರಡು ಸಲ ಓದಿದರಂತೆ. "ಎಂಟು ಬೆರಳು? ಯಾವುದಕ್ಕೂ ಆತುರ ಬೇಡ. ಮುಂದಿನ ಸಲ ನೋಡೋಣ" ಎಂದರಂತೆ. ಆ ಸಲ ಫೈಲು ಇದ್ದ ಆರು ಜನರಲ್ಲಿ ನಾಲ್ವರನ್ನು ಬಿಟ್ಟರು, ಇಬ್ಬರನ್ನು ಉಳಿಸಿಕೊಂಡರು. ಉಳಿದವರಲ್ಲಿ ಸೀಮೆಎಣ್ಣೆ ಒಬ್ಬ. ವಿಷಯ ತಿಳಿದಾಗ ಅವನು ಕೋಣೆಯಲ್ಲೇ ಇದ್ದ. ಕೈಯಲ್ಲಿದ್ದ ಬಟ್ಟೆಯನ್ನು ಡಬ್ಬದೊಳಗೆ ಹಾಕಿ, ಮುಚ್ಚಳ ಮುಚ್ಚಿ, ಗೋಡೆಗೆ ಒರಗಿ ಕೂತ. ಅಳಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬಾರದವನ ಮುಖ ಹೇಗಿರುತ್ತದೆಂದು ಮಸಿಯಪ್ಪ ಅವತ್ತು ನೋಡಿದ. ಬೆರಳಲ್ಲ, ಮುಖವನ್ನೇ ನೋಡಿದ. ನೋಡಲಾಗಲಿಲ್ಲ.

ಎರಡು ದಿನ ಕಳೆದು, ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು ಸೂಪರಿಂಟೆಂಡೆಂಟರ ಮುಂದೆ ನಿಂತ. ಮೂವತ್ತು ಹಳೆಯ ಕಾರ್ಡು, ಮೂವತ್ತು ಹೊಸ ಕಾರ್ಡು ಮೇಜಿನ ಮೇಲಿಟ್ಟ. ಹೇಳಿದ. ಸೂಪರಿಂಟೆಂಡೆಂಟರ ಮುಖ ಹುಳ್ಳಗಾಯಿತು.

"ನೀವಾ? ನೀವು ತಪ್ಪು ಮಾಡಿದ್ರಾ?"

"ಹೌದು ಸಾರ್. ಕೈ ಅಭ್ಯಾಸ."

"ಅಯ್ಯೋ, ನಾನು ಮೇಲಿನವರಿಗೆಲ್ಲ ಹೇಳಿಬಿಟ್ಟಿದ್ದೀನಲ್ರೀ!" ಎಂದು ತಲೆ ಮೇಲೆ ಕೈ ಹೊತ್ತು ಕೂತರು. ಆಮೇಲೆ ತಲೆ ಎತ್ತಿ ಕೇಳಿದರು, "ಇದು ನಿಮಗೆ ಯಾವಾಗ ಗೊತ್ತಾಯ್ತು?"

ಮಸಿಯಪ್ಪ ನಿಜ ಹೇಳಲೆಂದೇ ಬಂದಿದ್ದ. ಮುಕ್ಕಾಲು ಹೇಳಿಯೂ ಆಗಿತ್ತು. ಉಳಿದ ಕಾಲು ಪಾಲು ನಾಲಿಗೆಯ ತುದಿಗೆ ಬಂದು ಹೊರಳಿಕೊಂಡಿತು.

"ನಿನ್ನೆ ಸಂಜೆ ಸಾರ್" ಎಂದ.

ಸೂಪರಿಂಟೆಂಡೆಂಟರು ಮನುಷ್ಯ ಒಳ್ಳೆಯವರೇ. ಅಂದೇ ಕಮಿಟಿಗೆ ಪತ್ರ ಬರೆದರು. ಕಮಿಟಿಯ ನಿಯಮ ನಿಯಮವೇ: ಒಮ್ಮೆ ಮುಂದೂಡಿದ ಫೈಲು ಮುಂದಿನ ಸಭೆಗೇ ಬರಬೇಕು. ಅಂದರೆ ಮೂರು ತಿಂಗಳು. ಡಾಕ್ಟರು ಓಡಿ ಬಂದರು, ಕೂಗಾಡಿದರು, ಕೊನೆಗೆ ತಾವೇ ಕೂತು ನಾನೂರು ಕಾರ್ಡನ್ನೂ ಭೂತಗನ್ನಡಿ ಹಿಡಿದು ಎಣಿಸಿದರು. ಸಾಮಾನ್ಯ ಜನ ನೂರಕ್ಕೆ ಐದು. ಕೈದಿಗಳು ನೂರಕ್ಕೆ ಐದು. "ವ್ಯತ್ಯಾಸ ಇಲ್ಲ ಅನ್ನೋದನ್ನ ಯಾರೂ ಅಚ್ಚು ಹಾಕಲ್ಲ" ಎಂದು ಗೊಣಗುತ್ತಾ ಹೋದರು. ಆದರೂ ಹಿಂದೆ ಓದಿದ್ದು ತಪ್ಪೆಂದು ಸಮ್ಮೇಳನದವರಿಗೆ ಬರೆದು ತಿಳಿಸಿದರು. ಅಷ್ಟು ದೊಡ್ಡತನ ಅವರಿಗಿತ್ತು.

ಮಸಿಯಪ್ಪ ಹೆದರಿದ್ದೂ ಆಯಿತು. ಅವನ ಮೂವತ್ತೊಂದು ವರ್ಷದ ಕಾರ್ಡುಗಳನ್ನೆಲ್ಲ ತಿರುಗಿ ಪರೀಕ್ಷಿಸಲು ಮೂವರು ತಜ್ಞರು ಬಂದರು. ಏಳು ವಾರ ಅವನ ಕೋಣೆಯಲ್ಲೇ ಕೂತು, ಅವನ ಡ್ರಾಯರುಗಳನ್ನೇ ಎಳೆದು ನೋಡಿದರು. ಅವನು ಹೊರಗೆ ಬೆಂಚಿನ ಮೇಲೆ, ತನ್ನ ಸರದಿಗೆ ಕಾದಿರುವ ಹೊಸ ಕೈದಿಯಂತೆ ಕೂತಿದ್ದ. ಕೊನೆಗೆ ಒಂದೇ ಒಂದು ತಪ್ಪೂ ಸಿಗಲಿಲ್ಲ. ತಜ್ಞರಲ್ಲಿ ಹಿರಿಯನು ಅವನ ಕೈ ಕುಲುಕಿ, "ಇಂಥ ಕೆಲಸ ನಾನು ನೋಡೇ ಇಲ್ಲ. ತಪ್ಪು ಗೊತ್ತಾದ ಕೂಡಲೇ ತಾವೇ ಬಂದು ಹೇಳಿದ್ರಲ್ಲ, ಅದು ಇನ್ನೂ ದೊಡ್ಡದು" ಎಂದ. ಕೂಡಲೇ ಎಂಬ ಆ ಮಾತನ್ನು ಮಸಿಯಪ್ಪ ತಿದ್ದಲಿಲ್ಲ. ಥ್ಯಾಂಕ್ಸ್ ಎಂದ.

ಆ ಏಳು ವಾರದ ನಡುವೆಯೇ ಮುದುಕಿ ತೀರಿಕೊಂಡಳು. ಯಮನಿಗೆ ಹೇಳಿದ್ದಳು ನಿಜ, ಯಮ ಎಷ್ಟು ದಿನ ಅಂತ ಕಾಯುತ್ತಾನೆ? ಸೀಮೆಎಣ್ಣೆಯನ್ನು ಇಬ್ಬರು ಪೊಲೀಸರ ನಡುವೆ ಎರಡು ಗಂಟೆಗೆಂದು ಕರೆದುಕೊಂಡು ಹೋಗಿ ಕರೆತಂದರು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಂತೆ, ಅವನ ದೃಷ್ಟಿ ತನ್ನ ಕಡೆ ಬಿದ್ದಾಗಲೆಲ್ಲ ಮಸಿಯಪ್ಪ ಏನನ್ನೋ ಹುಡುಕುವವನಂತೆ ಬಗ್ಗುತ್ತಿದ್ದ.

ಮುಂದಿನ ಸಭೆಯಲ್ಲಿ ಕಮಿಟಿ ಎರಡು ನಿಮಿಷದಲ್ಲಿ ಸಹಿ ಹಾಕಿತು.

ಬಿಡುಗಡೆಯ ದಿನ ಬೆಳಗ್ಗೆ ಹತ್ತು ಗಂಟೆಗೆ ಹೊರಗೆ ಹೋಗುವವನ ಬೆರಳನ್ನು ಕೊನೆಯ ಸಲ ತೆಗೆದು, ಒಳಗೆ ಬಂದವನೇ ಹೊರಗೆ ಹೋಗುತ್ತಿದ್ದಾನೆ ಎಂದು ಮಸಿಯಪ್ಪ ಸಹಿ ಹಾಕಿದ. ಬಲಗೈ ಮೊದಲು, ಎಡಗೈ ಆಮೇಲೆ. ಸೀಮೆಎಣ್ಣೆ ತನ್ನ ಕೈ ತಾನೇ ಒರೆಸಿಕೊಂಡ. ಇಬ್ಬರೂ ಒಟ್ಟಿಗೆ ಗೇಟಿನ ತನಕ ನಡೆದರು.

ಗೇಟಿನ ಹೊರಗೆ ಮಗಳು ನಿಂತಿದ್ದಳು. ಅಪ್ಪನನ್ನು ತಬ್ಬಿಕೊಂಡು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಮಸಿಯಪ್ಪನ ಮುಂದೆ ಬಂದು ಅವನ ಎರಡೂ ಕೈ ಹಿಡಿದುಕೊಂಡಳು.

"ಸೂಪರಿಂಟೆಂಡೆಂಟ್ ಸಾಹೇಬ್ರು ಎಲ್ಲಾ ಹೇಳಿದ್ರು ದೊಡ್ಡಪ್ಪಾ. ಗೊತ್ತಾದ ಮಾರನೇ ದಿನವೇ ಹೋಗಿ ತಪ್ಪು ಒಪ್ಕೊಂಡ್ರಂತೆ. ನಿಮ್ಮಂಥವರು ಇರೋದಕ್ಕೇ ನಮ್ಮಪ್ಪ ಇವತ್ತು ಹೊರಗೆ ಬಂದ್ರು."

ಸುಮ್ಮನಿದ್ದರೆ ಆಗುತ್ತಿತ್ತು. ಇನ್ನು ಎರಡು ವಾರಕ್ಕೆ ನಿವೃತ್ತಿ, ಹಾರ, ಭಾಷಣ. ಅವಳ ಕೈ ಬೆಚ್ಚಗಿತ್ತು. ಮಸಿಯಪ್ಪ ಅದನ್ನು ಬಿಡಿಸಿಕೊಂಡ.

"ಇಲ್ಲಮ್ಮ. ನನಗೆ ಕಮಿಟಿಗೆ ಹನ್ನೊಂದು ದಿನ ಮುಂಚೆಯೇ ಗೊತ್ತಿತ್ತು. ಹೇಳ್ಲಿಲ್ಲ. ಹೇಳಿದ್ರೆ ನಿಮ್ಮಜ್ಜಿ ಇವನನ್ನ ನೋಡ್ತಿದ್ರು."

ಹುಡುಗಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವಳು ತಿರುಗಿದ್ದು ಮಸಿಯಪ್ಪನ ಕಡೆಗಲ್ಲ, ಅಪ್ಪನ ಕಡೆಗೆ.

"ನಿಮಗೆ ಗೊತ್ತಿತ್ತಾ ಅಪ್ಪಾ?"

"ಗೊತ್ತಿತ್ತು" ಎಂದ ಅವನು. "ಅವತ್ತು ನನ್ನ ಕೈ ನೋಡಿ ಬಿಟ್ರಲ್ಲ, ಅವತ್ತೇ ಗೊತ್ತಾಯ್ತು. ಇವರಾಗೇ ಹೇಳ್ತಾರೆ ಅಂತ ದಿನಾ ಕಾದೆ."

"ಮತ್ತೆ ನೀವ್ಯಾಕೆ ಹೇಳ್ಲಿಲ್ಲ? ಸಾಹೇಬ್ರಿಗೆ ಹೇಳ್ಬಹುದಿತ್ತಲ್ಲಾ? ಅಜ್ಜಿ ಇದ್ದಾಗ..."

"ಹೇಳಿದ್ರೆ ಯಾರು ನಂಬ್ತಿದ್ರು ಮಗಾ? ನಾನು ಕೈದಿ. ಅವರು ಸಾಮಾನ್ಯ ಜನ."

ಅದನ್ನು ಅವನು ಚುಚ್ಚಿ ಹೇಳಲಿಲ್ಲ. ದಾರಿ ಕೇಳಿದವರಿಗೆ ದಾರಿ ಹೇಳುವ ಹಾಗೆ ಹೇಳಿದ. ಮಸಿಯಪ್ಪನಿಗೆ ಕ್ಷಮಿಸು ಎನ್ನಬೇಕೆನಿಸಿತು. ಆ ಪದ ಈ ಲೆಕ್ಕಕ್ಕೆ ತೀರ ಚಿಕ್ಕದು ಎನಿಸಿ ಬಾಯಿ ಬರಲಿಲ್ಲ. ಹುಡುಗಿ ಕೆಳಗಿಟ್ಟಿದ್ದ ಚೀಲ ಎತ್ತಿಕೊಂಡಳು, ಅಪ್ಪನ ತೋಳು ಹಿಡಿದಳು. "ಬನ್ನಿ ಅಪ್ಪಾ, ಬಸ್ ಹೊರಡುತ್ತೆ" ಎಂದಳು. ಇಬ್ಬರೂ ರಸ್ತೆ ದಾಟಿದರು. ಮಸಿಯಪ್ಪ ಬಸ್ಸು ಹೋಗುವ ತನಕ ನಿಂತಿದ್ದು, ಆಮೇಲೆ ಸೂಪರಿಂಟೆಂಡೆಂಟರ ಕೋಣೆಗೆ ಹೋಗಿ, ಇನ್ನೊಂದು ಹೇಳಿಕೆ ಬರೆದುಕೊಡುವುದಿದೆ, ಒಂದು ಹಾಳೆ ಕೊಡಿ ಸಾರ್ ಎಂದ.